ಹತ್ತಿಯ ನಾಡಿನಲ್ಲಿ ಹಾಸಿಗೆ

ಚರಿತ್ರೆಯೆಂದರೆ ಅರಸರ ಪಟ್ಟಾಭಿಷೇಕ, ಯುದ್ಧ, ಒಪ್ಪಂದ ಇವುಗಳ ಪಟ್ಟಿಯೆಂಬ ಭಾವನೆ ನಮ್ಮ ಮಕ್ಕಳಲ್ಲಿ ಬೇರೂರಿಹೋಗಿದೆ. ಇದಕ್ಕೆ ಉಪಾಧ್ಯಾಯರಾದ ನಾವೂ ಕಾರಣರೆಂಬುದನ್ನು ಒಪ್ಪಿಕೊಳ್ಳಬೇಕು. ಮನುಷ್ಯನು ತನ್ನ ಆಯುಷ್ಯದಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲನ್ನು ಕಳೆಯುವುದು ಸಿಂಹಾಸನದ ಮೇಲಲ್ಲ, ರಣರಂಗದಲ್ಲಿಯೂ ಅಲ್ಲ, ಹಾಸಿಗೆಯ ಮೇಲೆ. ಆದರೂ ಹಾಸಿಗೆಯ ಚರಿತ್ರೆಯನ್ನು ಯಾವ ಪಠ್ಯಪುಸ್ತಕವೂ ನಮಗೆ ಹೇಳಿಕೊಡಲಿಲ್ಲ.

ಕಳೆದ ವರ್ಷ ನಾವು ನಮ್ಮ ತರಗತಿಯ ಮಕ್ಕಳಿಗೆ ‘ನಾವು ಮಲಗುವ ಹಾಸಿಗೆ’ ಎಂಬ ವಿಷಯವನ್ನು ಕೊಟ್ಟು ಒಂದು ಸಣ್ಣ ಪ್ರಬಂಧವನ್ನು ಬರೆಯಿಸಿದೆವು. ಚಾಪೆ, ಜಮಖಾನ, ಹತ್ತಿಯ ಹಾಸಿಗೆ, ಬೂರುಗದ ಹಾಸಿಗೆ, ತೆಂಗಿನ ನಾರಿನದು, ಫೋಮಿನದು ಎಂದು ಒಂದೇ ತರಗತಿಯಲ್ಲಿ ಆರು ಬಗೆಗಳು ಹೊರಬಿದ್ದವು. ಅವುಗಳಲ್ಲಿ ಒಬ್ಬ ಬಾಲಕನ ಬರವಣಿಗೆ ಮೂರೇ ಸಾಲಿನದಾಗಿದ್ದರೂ ನಮ್ಮನ್ನು ಬಹಳ ದಿನ ಕಾಡಿತು. ತಮ್ಮ ಮನೆಯಲ್ಲಿ ಚಾಪೆಯನ್ನು ಸುತ್ತಿಡುವುದೇ ಇಲ್ಲವೆಂದೂ, ರಾತ್ರಿ ತಾನೂ ತಂಗಿಯೂ ಅದರ ಮೇಲೆ ಮಲಗುವರೆಂದೂ, ಬೆಳಗಾದೊಡನೆ ನೂಲಿನ ಗಿರಣಿಯ ರಾತ್ರಿಪಾಳಿ ಮುಗಿಸಿ ಬರುವ ತಂದೆ ಅದೇ ಚಾಪೆಯ ಮೇಲೆ ಮಲಗುವರೆಂದೂ ಆತ ಬರೆದಿದ್ದ. ರಾತ್ರಿಯೆಲ್ಲ ಹತ್ತಿಯ ರಾಶಿಯ ನಡುವೆ ಇದ್ದುಬಂದ ಮೈಗೆ ಹಗಲಿನಲ್ಲಿ ದೊರೆಯುವುದು ಜೊಂಡಿನ ಚಾಪೆ! ಹತ್ತಿಯ ನಾಡಾದ ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಹತ್ತಿಯ ಮೇಲೆ ಮಲಗಿದವರು ಯಾರು? ಈ ಪ್ರಶ್ನೆಯನ್ನು ಹಿಡಿದು ಹೊರಟಾಗ ನಮಗೆ ತಿಳಿದುಬಂದುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮಾತಿನಿಂದಲೇ ಆರಂಭಿಸೋಣ. ‘ಹಾಸು’ ಎಂಬ ಕ್ರಿಯಾಪದದಿಂದ ‘ಹಾಸಿಗೆ’ ಹುಟ್ಟಿತು. ಹಾಸಿದುದೆಲ್ಲವೂ ಹಾಸಿಗೆಯೇ, ಅದರೊಳಗೆ ಹತ್ತಿ ಇರಬೇಕೆಂಬ ನಿಯಮವೇನೂ ಆ ಮಾತಿನಲ್ಲಿಲ್ಲ. ಮೆತ್ತಗಿರುವುದನ್ನು ಹೇಳಲು ಕನ್ನಡದಲ್ಲಿ ‘ಮೆತ್ತೆ’ ಎಂಬ ಇನ್ನೊಂದು ಮಾತುಂಟು. ಇದನ್ನೇ ನಮ್ಮ ನೆರೆಯ ತಮಿಳರು ‘ಮೆತ್ತೈ’ ಎನ್ನುತ್ತಾರೆ. ಇಂಗ್ಲಿಷಿನ ‘ಮ್ಯಾಟ್ರೆಸ್’ ಎಂಬ ಪದವಾದರೋ ಅರಬ್ಬಿಯ ‘ಎಸೆ’ ಎಂಬರ್ಥದ ಧಾತುವಿನಿಂದ ಬಂದು, ಇಟಲಿ, ಫ್ರಾನ್ಸುಗಳನ್ನು ಹಾದು ಇಂಗ್ಲೆಂಡನ್ನು ಸೇರಿತು. ನೆಲದ ಮೇಲೆ ಮೆತ್ತೆಯನ್ನು ಎಸೆದು ಮಲಗುತ್ತಿದ್ದವರ ಪದ್ಧತಿ ಆ ಮಾತಿನಲ್ಲಿ ಉಳಿದುಕೊಂಡಿದೆ. ಒಬ್ಬರು ಹಾಸಿದರು, ಒಬ್ಬರು ಎಸೆದರು. ಮಲಗಿದುದು ಎಲ್ಲರೂ ನೆಲದ ಮೇಲೆಯೇ.

ನಮ್ಮ ಪೂರ್ವಿಕರು ನಿದ್ರೆಯನ್ನು ಹಗುರವಾಗಿ ಎಣಿಸಿದವರಲ್ಲ. ಶರೀರವನ್ನು ಹೊತ್ತುನಿಂತ ಮೂರು ಆಧಾರಗಳೆಂದು ಚರಕಸಂಹಿತೆಯು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಹೇಳುತ್ತದೆ. ಕನ್ನಡನಾಡಿನ ಅರಸನೊಬ್ಬನು ಹಾಸಿಗೆಯ ವಿಚಾರವನ್ನು ಶಾಸ್ತ್ರವಾಗಿಯೇ ಬರೆದಿಟ್ಟಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶಯ್ಯಾಭೋಗವೆಂಬ ಒಂದು ಭಾಗವಿದೆ. ಹಂಸದ ಗರಿ, ಬೂರುಗದ ಅರಳೆ, ಹತ್ತಿ ಮೊದಲಾದವುಗಳನ್ನು ತುಂಬಿದ ಹಾಸಿಗೆಗಳನ್ನು ವಿವರಿಸಿ, ಯಾವ ಋತುವಿಗೆ ಯಾವುದು ಹಿತವೆಂಬುದನ್ನು ಅಲ್ಲಿ ಹೇಳಿದೆ. ತಮಿಳುನಾಡಿನಲ್ಲಿಯೂ ಇಂಥದೇ ಎಣಿಕೆಯುಂಟು. ಆಂಡಾಳ್ ದೇವಿಯ ‘ತಿರುಪ್ಪಾವೈ’ಯಲ್ಲಿ ಬರುವ ಪಂಚಶಯನವನ್ನು, ಬೂರುಗದ ಅರಳೆಯೂ ಹಂಸದ ತುಪ್ಪುಳೂ ಸೇರಿದ ಐದು ವಸ್ತುಗಳಿಂದಾದ ಹಾಸಿಗೆಯೆಂದು ವ್ಯಾಖ್ಯಾನಿಸುವ ಸಂಪ್ರದಾಯವಿದೆ. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹಾಸಿಗೆಯನ್ನು ಆರಿಸಿಕೊಳ್ಳುವುದು ಈ ಕಾಲದ ಅಂಗಡಿಗಳು ಕಲಿಸಿದ ವಿದ್ಯೆಯಲ್ಲ; ಬಹಳ ಹಳೆಯದು. ಆದರೆ ಆ ಆಯ್ಕೆ ಇದ್ದುದು ಅರಮನೆಯಲ್ಲಿ. ಪ್ರಜೆಗೆ ಇದ್ದುದು ಒಂದು ಗಾದೆ: ಹಾಸಿಗೆ ಇದ್ದಷ್ಟು ಕಾಲು ಚಾಚು.

ಹಾಗಾದರೆ ಕೊಂಗುನಾಡಿನ ಸಾಮಾನ್ಯ ಮನೆಯಲ್ಲಿ ಏನಿತ್ತು? ಮೊದಲನೆಯದು ಚಾಪೆ. ಕಾವೇರಿಯ ದಡದಲ್ಲಿ, ಕರೂರಿನ ಸುತ್ತಮುತ್ತ ಬೆಳೆಯುವ ಕೋರೈ ಎಂಬ ಜೊಂಡನ್ನು ಸೀಳಿ, ಒಣಗಿಸಿ ನೇಯ್ದ ಚಾಪೆಯು ಇಂದಿಗೂ ಈ ಸೀಮೆಯ ಸಂತೆಗಳಿಗೆ ಬರುತ್ತದೆ. ಎರಡನೆಯದು ಕಂಬಳಿ. ಕೊಯಮತ್ತೂರು ತಳಿಯೆಂದು ಪಶುವೈದ್ಯ ಗ್ರಂಥಗಳಲ್ಲಿ ಕರೆಯಲ್ಪಡುವ ಕುರಿಗೆ ಈ ಕಡೆಯ ಹಳ್ಳಿಗಳಲ್ಲಿ ‘ಕುರುಂಬೈ’ ಎಂದು ಹೆಸರು. ಕುರುಬ ಎಂಬ ನಮ್ಮ ಮಾತು ಆ ಹೆಸರಿನಲ್ಲಿ ಕೇಳಿಸುವುದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಅದರ ಉಣ್ಣೆ ಒರಟು. ಉಡುಪಿಗಿಂತ ಕಂಬಳಿಗೇ ತಕ್ಕದ್ದು. ಮೂರನೆಯದು ಭವಾನಿಯ ಜಮಖಾನ. 19ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಗಿರಣಿಯ ಬಟ್ಟೆಯ ಪೈಪೋಟಿಯನ್ನು ತಾಳಲಾರದೆ, ಭವಾನಿಯ ಜಂಗಮರ್ ಎಂಬ ನೇಕಾರ ಸಮುದಾಯದವರು ಬಣ್ಣಬಣ್ಣದ ದಪ್ಪ ನೂಲಿನಿಂದ ಪಟ್ಟೆಯ ಹಾಸುಗಳನ್ನು ನೇಯತೊಡಗಿದರು. ಭವಾನಿಯು ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1979ರಲ್ಲಿ ಜಿಲ್ಲೆ ಒಡೆದ ಮೇಲೆ ಈಗ ಈರೋಡು ಜಿಲ್ಲೆಯಲ್ಲಿದೆ. ತೆಳುವಾದ ನುಣುಪು ಬಟ್ಟೆಯಲ್ಲಿ ಯಂತ್ರದೊಡನೆ ಸೆಣಸಲಾರದ ಕೈ, ನೆಲದ ಹಾಸಿನಲ್ಲಿ ತನ್ನ ಅನ್ನವನ್ನು ಕಂಡುಕೊಂಡಿತು.

ಈ ನಾಡಿಗೂ ಕನ್ನಡಿಗರಿಗೂ ಇರುವ ಸಂಬಂಧ ಇಂದು ನಿನ್ನೆಯದಲ್ಲ. 1799ರಲ್ಲಿ ಟಿಪ್ಪೂ ಸುಲ್ತಾನನು ಮಡಿಯುವವರೆಗೆ ಕೊಯಮತ್ತೂರು ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರರ ಕೇರಿಗಳು ಈ ಸೀಮೆಯಲ್ಲಿ ಇಂದಿಗೂ ಇವೆ. ಟಿಪ್ಪುವಿನ ಪತನದ ಮರುವರ್ಷವೇ, ಅಂದರೆ 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆಯಂತೆ ಪ್ರವಾಸ ಹೊರಟ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಮೈಸೂರಿನಿಂದ ಕೊಯಮತ್ತೂರಿಗೂ ಬಂದು, ಇಲ್ಲಿನ ಬೆಳೆ, ನೇಕಾರಿಕೆಗಳನ್ನು ಬರೆದಿಟ್ಟನು. ಅವನ ಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಆ ಕಾಲದ ನೇಕಾರನ ಮನೆಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಕಷ್ಟವಲ್ಲ. ಮನೆಯ ಒಳ್ಳೆಯ ಜಾಗವೆಲ್ಲ ಗುಂಡಿಮಗ್ಗಕ್ಕೆ ಮೀಸಲು. ಕಾಲನ್ನು ಗುಂಡಿಯಲ್ಲಿ ಇಳಿಬಿಟ್ಟು ಹಗಲೆಲ್ಲ ಕುಳಿತವನು, ರಾತ್ರಿ ಮಗ್ಗದ ಪಕ್ಕದಲ್ಲಿ ಉಳಿದ ಜಾಗದಲ್ಲಿಯೇ ಕಾಲು ಚಾಚಬೇಕು. ಸುತ್ತಿ ಮೂಲೆಗೆ ಒರಗಿಸಬಹುದಾದ ಚಾಪೆಯಲ್ಲದೆ ಮತ್ತಾವ ಹಾಸಿಗೆಗೂ ಆ ಮನೆಯಲ್ಲಿ ಎಡೆಯಿಲ್ಲ. ಚಾಪೆಯನ್ನು ಬಡತನದ ಗುರುತೆಂದು ಮಾತ್ರ ತಿಳಿಯುವವರು ಇದನ್ನು ಗಮನಿಸಬೇಕು. ಕೆಲಸಕ್ಕೂ ನಿದ್ರೆಗೂ ಒಂದೇ ಕೋಣೆಯಿದ್ದಾಗ, ಹಗಲು ಮಾಯವಾಗಿ ರಾತ್ರಿ ಕಾಣಿಸಿಕೊಳ್ಳುವ ಹಾಸಿಗೆಯೇ ಬುದ್ಧಿವಂತಿಕೆಯ ಹಾಸಿಗೆ. ಹತ್ತಿಯೋ, ನೇಕಾರನ ಪಾಲಿಗೆ ದುಡಿಮೆಯ ಸರಕು. ಅದನ್ನು ನೂಲು ಮಾಡಿ, ಬಟ್ಟೆ ಮಾಡಿ ಮಾರಿದರೆ ಅನ್ನ. ಮೈಕೆಳಗೆ ತುಂಬಿಕೊಂಡು ಮಲಗಿದರೆ ಉಪವಾಸ.

ಈ ಸ್ಥಿತಿಯನ್ನು ಬದಲಾಯಿಸಿದುದು ಗಿರಣಿ. ಕೊಯಮತ್ತೂರಿನಲ್ಲಿ ಉಪ್ಪಂ ಎಂಬ ಹತ್ತಿಯೂ, ಹಲವು ವರ್ಷ ನಿಂತು ಫಲ ಕೊಡುವ ನಾಡಂ ಎಂಬ ಹತ್ತಿಯೂ ಹಿಂದಿನಿಂದ ಬೆಳೆಯುತ್ತಿದ್ದವು. 20ನೆಯ ಶತಮಾನದ ಮೊದಲ ದಶಕದಲ್ಲಿ ಕಾಂಬೋಡಿಯಾ ಹತ್ತಿ ಮದರಾಸು ಪ್ರಾಂತಕ್ಕೆ ಬಂದು, ಬಾವಿಯ ನೀರಿನ ಹೊಲಗಳಲ್ಲಿ ಬೇಗನೆ ಹಬ್ಬಿತು. ಇತ್ತ 1888ರಲ್ಲಿ ರಾಬರ್ಟ್ ಸ್ಟೇನ್ಸ್ ಎಂಬವರು ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿಯನ್ನು ಸ್ಥಾಪಿಸಿದ್ದರು. 1930ರ ದಶಕದ ಆದಿಯಲ್ಲಿ ನೀಲಗಿರಿಯ ಪೈಕಾರಾ ಜಲಪಾತದ ವಿದ್ಯುಚ್ಛಕ್ತಿ ಬೆಟ್ಟವಿಳಿದು ಬಂದಾಗ ಗಿರಣಿಗಳು ಒಂದರ ಹಿಂದೊಂದಾಗಿ ಎದ್ದವು. ತಿರುಪ್ಪೂರಿನಲ್ಲಿ ಹತ್ತಿಯ ಸಂತೆ ಬೆಳೆಯಿತು. 1925ರಲ್ಲಿ ಹುಟ್ಟಿದ ಅಖಿಲ ಭಾರತ ಚರಕಾ ಸಂಘದ ತಮಿಳುನಾಡು ಶಾಖೆ ಅಲ್ಲಿ ನೆಲೆಸಿದ್ದರಿಂದ ಖಾದಿಯೂ ಬೆಳೆಯಿತು; ಅದೇ ದಶಕದಲ್ಲಿ ಬನಿಯನ್ ಹೆಣಿಗೆಯೂ ಕಾಲೂರಿತು.

ಗಿರಣಿಗೆ ಹೋದ ಹತ್ತಿಯೆಲ್ಲವೂ ನೂಲಾಗುವುದಿಲ್ಲ. ಹತ್ತಿಯನ್ನು ಬಿಡಿಸಿ, ಎಕ್ಕಿ, ಬಾಚುವ ಯಂತ್ರಗಳಲ್ಲಿ ಗಿಡ್ಡ ಎಳೆಗಳು ಉದುರಿ ಉಳಿಯುತ್ತವೆ. ನೂಲಿಗೆ ಒದಗದ ಈ ಎಳೆ ಹಾಸಿಗೆಗೆ ಒದಗುತ್ತದೆ. ಬನಿಯನ್ ಕತ್ತರಿಸುವಾಗ ಉಳಿಯುವ ತುಣುಕುಗಳನ್ನೂ ಯಂತ್ರದಲ್ಲಿ ಹಿಂಜಿ ಮರಳಿ ಅರಳೆ ಮಾಡುತ್ತಾರೆ. ಈ ಉಳಿಕೆಯ ಅರಳೆ ಅಗ್ಗದಲ್ಲಿ ಸಿಕ್ಕಿದ ಮೇಲೆಯೇ ಈ ಸೀಮೆಯ ಸಾಧಾರಣ ಸಂಸಾರಕ್ಕೆ ಹತ್ತಿಯ ಹಾಸಿಗೆ ಕೈಗೆಟುಕುವಂತಾಯಿತು. ಆದುದರಿಂದ ಹತ್ತಿಯ ನಾಡಿನಲ್ಲಿ ಹತ್ತಿಯ ಮೇಲೆ ಮಲಗಿದವರಾರೆಂಬ ನಮ್ಮ ಪ್ರಶ್ನೆಗೆ ಉತ್ತರವಿದು: ಉದ್ದ ಎಳೆ ದೂರದ ಪೇಟೆಗೆ ಹೋಯಿತು, ಬಾಚಿ ಬಿಟ್ಟ ಗಿಡ್ಡ ಎಳೆ ನಮ್ಮ ಮನೆಗೆ ಬಂದಿತು.

ಅರಳೆಯನ್ನು ಹಾಸಿಗೆ ಮಾಡುವವನು ಬೇರೆ. ಕನ್ನಡನಾಡಿನಲ್ಲಿ ಅವನನ್ನು ಪಿಂಜಾರನೆಂದೂ ನದಾಫನೆಂದೂ ಕರೆಯುವೆವು. ತಮಿಳಿನಲ್ಲಿ ಅವನು ‘ಪಂಜುಕೊಟ್ಟಿ’. ಆಳೆತ್ತರದ ಬಿಲ್ಲನ್ನು ಹೆಗಲಿಗೇರಿಸಿ ಆತ ಬೀದಿಗೆ ಬಂದನೆಂದರೆ, ಅದರ ತಂತಿಯ ಟೊಂಯ್ ಟೊಂಯ್ ನಾದಕ್ಕೆ ಮಕ್ಕಳೆಲ್ಲ ಓಡಿಬರುತ್ತಿದ್ದೆವು. ಗಟ್ಟಿಯಾದ ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚಿ, ಹತ್ತಿಯನ್ನು ಅಂಗಳದಲ್ಲಿ ಸುರಿದು, ಬಿಲ್ಲಿನ ಹುರಿಯನ್ನು ಅದಕ್ಕೆ ತಾಗಿಸಿ ಮರದ ಕೊಡತಿಯಿಂದ ಮಿಡಿದರೆ, ಕಲ್ಲಿನಂತಿದ್ದ ಹತ್ತಿ ಮೋಡದಂತೆ ಹಾರುತ್ತಿತ್ತು. ಸಂಜೆಗೆ ಅದೇ ಹತ್ತಿ, ಅದೇ ಗವಸು, ಆದರೆ ಹೊಸ ಹಾಸಿಗೆ! ಈ ಕೆಲಸವನ್ನು ನೋಡಿ ನಲಿದ ನಾವು, ಆ ಹತ್ತಿಯ ಧೂಳು ಎಕ್ಕುವವನ ಶ್ವಾಸಕೋಶಕ್ಕೆ ಇಳಿಯುತ್ತಿದ್ದುದನ್ನು ಆಗ ತಿಳಿದಿರಲಿಲ್ಲ. ಹತ್ತಿಯ ಧೂಳಿನಿಂದ ಉಸಿರಿನ ಬೇನೆ ಬರುವುದೆಂಬುದು ಗಿರಣಿಯ ಕೂಲಿಗಾರರ ವಿಷಯದಲ್ಲಿಯೂ ಸಿದ್ಧವಾದ ಸಂಗತಿ. ಪರರ ನಿದ್ರೆಗಾಗಿ ಕೆಮ್ಮಿದವರನ್ನು ಚರಿತ್ರೆ ಮರೆಯಬಾರದು.

ಹತ್ತಿಯ ಜೊತೆಗೇ ಬೂರುಗವನ್ನೂ ಹೇಳಬೇಕು. ಕೆಂಪು ಹೂವಿನ ಬೂರುಗವು ಸಂಸ್ಕೃತದ ಶಾಲ್ಮಲಿ. ಅದು ನಮ್ಮ ಕಾಡಿನ ಮರ. ಹಾಸಿಗೆಯ ಅಂಗಡಿಯಲ್ಲಿ ಇಂದು ‘ಇಲವಂ ಪಂಜು’ ಎಂದು ಹೆಚ್ಚಾಗಿ ಸಿಗುವುದು ಬಿಳಿ ಬೂರುಗದ ಅರಳೆ. ತೇಣಿ ಜಿಲ್ಲೆಯ ಬೋಡಿನಾಯಕನೂರು ಅದರ ವ್ಯಾಪಾರಕ್ಕೆ ಹೆಸರಾಗಿದೆ. ಕಾಯಿ ಹಣ್ಣಾಗುವುದೆಂದು ಕಾದುಕುಳಿತು, ಕೊನೆಗೆ ಅದು ಒಡೆದು ಅರಳೆ ಗಾಳಿಗೆ ಹಾರಿದಾಗ ಬೆಪ್ಪಾದ ಗಿಳಿಯ ಗಾದೆ ತಮಿಳಿನಲ್ಲಿ ಪ್ರಸಿದ್ಧ. ಈ ಅರಳೆಯ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ನುಣುಪು. ಆದುದರಿಂದ ನೂಲಲು ಬಾರದು. ನೀರನ್ನೂ ಬೇಗ ಹೀರದು. ಹಿಂದೆ ಹಡಗಿನವರ ಪ್ರಾಣರಕ್ಷಕ ಅಂಗಿಗಳಲ್ಲಿ ತುಂಬುತ್ತಿದ್ದುದು ಇದನ್ನೇ. ಗಿರಣಿಗೆ ಬೇಡವಾದುದರಿಂದಲೇ ಅದು ಪೂರ್ತಿಯಾಗಿ ನಿದ್ರೆಯ ಪಾಲಿಗೆ ಉಳಿಯಿತು.

ಮುಂದಿನ ಅಧ್ಯಾಯ ತೆಂಗಿನದು. ಪೊಳ್ಳಾಚಿ, ಉಡುಮಲೈ ಕಡೆಗೆ ಹೋದವರು ರಸ್ತೆಯ ಎರಡೂ ಬದಿಗೆ ತೆಂಗಿನ ತೋಟಗಳನ್ನೂ, ನಾರು ಬಿಡಿಸುವ ಕಾರ್ಖಾನೆಗಳ ಮುಂದೆ ಒಣಹಾಕಿದ ನಾರನ್ನೂ ನೋಡಿರಬಹುದು. ಹುರಿ ಹೊಸೆದು, ಕೆಲಕಾಲ ಹಾಗೆಯೇ ಬಿಟ್ಟು, ಮತ್ತೆ ಬಿಡಿಸಿದರೆ ನಾರು ಗುಂಗುರಾಗಿ ನಿಲ್ಲುತ್ತದೆ. ಅದನ್ನು ಹರವಿ, ರಬ್ಬರಿನ ಹಾಲನ್ನು ಸಿಂಪಡಿಸಿ, ಒತ್ತಿ ಕಾಯಿಸಿದರೆ ಗಟ್ಟಿಯಾದರೂ ಪುಟಿಯುವ ಹಾಸಿಗೆ ಸಿದ್ಧ. ನಮ್ಮ ದೇಶದಲ್ಲಿ ಈ ಬಗೆಯನ್ನು ಮನೆಮಾತು ಮಾಡಿದ ಸಂಸ್ಥೆಗಳಲ್ಲಿ 1962ರಲ್ಲಿ ಪ್ರಾರಂಭವಾದ ಕರ್ಲಾನ್ ಒಂದು; ಅದು ಮಣಿಪಾಲದ ಪೈ ಮನೆತನದವರಿಂದ ಬೆಳೆದುದೆಂಬುದು ಕನ್ನಡಿಗರಿಗೆ ಗೊತ್ತಿರಬೇಕಾದ ವಿಷಯ. 2023ರಲ್ಲಿ ಅದು ಬೇರೊಂದು ದೊಡ್ಡ ಫೋಮ್ ಸಂಸ್ಥೆಯ ಕೈಸೇರಿತು.

ಫೋಮಿನ ಹುಟ್ಟು ಪಶ್ಚಿಮ ದೇಶಗಳಲ್ಲಿ. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯವರು ರಬ್ಬರಿನ ಹಾಲನ್ನು ಕಡೆದು ನೊರೆಯೆಬ್ಬಿಸಿ ಲೇಟೆಕ್ಸ್ ಫೋಮನ್ನು ಮಾಡಿದರು. 1937ರಲ್ಲಿ ಜರ್ಮನಿಯ ಒಟ್ಟೋ ಬೇಯರ್ ಎಂಬ ರಸಾಯನಶಾಸ್ತ್ರಜ್ಞನು ಪಾಲಿಯುರಿಥೇನನ್ನು ಕಂಡುಹಿಡಿದನು. ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ಫೋಮ್ ಎಂದು ಮಾರಾಟವಾಗುವುದು ಈ ಎರಡನೆಯದು. ಪೆಟ್ರೋಲಿಯಂ ಎಣ್ಣೆಯ ಸಂತಾನ. ಹಗುರ, ಸಮತಟ್ಟು, ಗಂಟು ಕಟ್ಟದು. ಆದರೆ ಗಾಳಿಯಾಡದ ಅಗ್ಗದ ಫೋಮ್ ಬೇಸಿಗೆಯಲ್ಲಿ ಮೈಶಾಖವನ್ನು ಹಿಡಿದಿಡುತ್ತದೆ.

ಇಷ್ಟೆಲ್ಲ ಚರಿತ್ರೆಯನ್ನು ಓದಿದ ವಾಚಕರು, ‘ಸರಿ, ನಾವು ಯಾವುದನ್ನು ಕೊಳ್ಳಬೇಕು?’ ಎಂದು ಕೇಳುವುದು ನ್ಯಾಯವೇ. ನಾವು ವೈದ್ಯರಲ್ಲ, ಆದರೆ ಕೆಲವು ಮಾತನ್ನು ಧೈರ್ಯವಾಗಿ ಹೇಳಬಹುದು. ಬೆನ್ನುನೋವಿಗೆ ಹಲಗೆಯಂಥ ಗಟ್ಟಿ ಹಾಸಿಗೆಯೇ ಮದ್ದೆಂಬ ನಂಬಿಕೆ ಬಹುಕಾಲ ಇತ್ತು. 2003ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ, ಸ್ಪೇನ್ ದೇಶದ 313 ಮಂದಿ ಬೆನ್ನುನೋವಿನವರನ್ನು 90 ದಿನ ಪರೀಕ್ಷಿಸಿದ ಅಧ್ಯಯನದಲ್ಲಿ, ಅತಿ ಗಟ್ಟಿಯಾದುದಕ್ಕಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಹೆಚ್ಚು ಹಿತವೆಂದು ಕಂಡುಬಂದಿತು. ಹೊಸದಾಗಿ ಎಕ್ಕಿದ ಹತ್ತಿಯ ಹಾಸಿಗೆ ನಮ್ಮ ಅನುಭವದಲ್ಲಿ ಹೆಚ್ಚುಕಡಮೆ ಆ ಹದದ್ದೇ. ಎಳೆಯ ಶಿಶುವಿನ ಮಾತು ಬೇರೆ. ಅದನ್ನು ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ ಅಂಗಾತ ಮಲಗಿಸಬೇಕು. ಮೆತ್ತಗೆ ತಗ್ಗುವ ಹಾಸಿಗೆ, ದಿಂಬುಗಳು ಉಸಿರಿಗೆ ಅಪಾಯ. ಬೆವರು ಹೆಚ್ಚಿದವರಿಗೆ, ಬೆವರನ್ನು ಹೀರಿ ಬಿಸಿಲಿಗೆ ಬಿಟ್ಟುಕೊಡುವ ಹತ್ತಿ ಒಳ್ಳೆಯದು. ನೆಲ ತೇವವಾಗಿರುವ ಮನೆಯಲ್ಲಿ ಮಂಚದ ಮೇಲಿನ ನಾರಿನ ಹಾಸಿಗೆ ಬಾಳಿಕೆ ಬರುತ್ತದೆ. ಬೂರುಗ ಹಗುರ, ದಿಂಬಿಗೆ ಅದರಷ್ಟು ಹಿತವಾದುದು ಕಡಮೆ, ಆದರೆ ಅದನ್ನು ಒಗೆಯಲಾಗದು, ಆಗಾಗ ಬಿಸಿಲು ಕಾಣಿಸಬೇಕು, ವರ್ಷಗಳು ಕಳೆದಂತೆ ಪುಡಿಯಾಗುತ್ತದೆ. ಯಾವುದನ್ನೇ ಕೊಂಡರೂ, ಕೊಳ್ಳುವ ಮೊದಲು ಅದರ ಮೇಲೆ ಒಮ್ಮೆ ಮಲಗಿ ನೋಡಲು ಸಂಕೋಚಪಡಬಾರದು.

ಇವೆಲ್ಲಕ್ಕಿಂತ ಮೇಲಾದ ಒಂದು ಪರೀಕ್ಷೆ ನಮ್ಮ ಹಿರಿಯರಿಗೆ ಗೊತ್ತಿತ್ತು: ಈ ಹಾಸಿಗೆಯನ್ನು ಬಿಚ್ಚಿ ಮತ್ತೆ ಕಟ್ಟಬಹುದೇ? ಹತ್ತಿಯ ಹಾಸಿಗೆಯನ್ನು ಬಿಚ್ಚಬಹುದು, ಬಿಸಿಲಿಗೆ ಹಾಕಬಹುದು, ಎಕ್ಕಬಹುದು; ಅಜ್ಜಿಯ ಹಾಸಿಗೆ ಮೊಮ್ಮಗಳ ಹಾಸಿಗೆಯಾಗಬಹುದು. ತಗ್ಗುಬಿದ್ದ ಫೋಮನ್ನು ಎಕ್ಕುವ ಬಿಲ್ಲು ಎಲ್ಲಿಯೂ ಇಲ್ಲ. ಊರ ಹೊರಗಿನ ಕಸದ ರಾಶಿಯಲ್ಲಿ ಹರಿದ ಫೋಮ್ ಹಾಸಿಗೆಗಳನ್ನು ಕಾಣುವಾಗಲೆಲ್ಲ ನಮಗೆ ಆ ಪಿಂಜಾರನ ನೆನಪಾಗುತ್ತದೆ. ಆತನ ಬಿಲ್ಲಿನ ನಾದ ನಮ್ಮ ಬೀದಿಯಲ್ಲಿ ಕೇಳಿ ಎಷ್ಟೋ ವರ್ಷಗಳಾದವು. ಎಕ್ಕುವ ಯಂತ್ರವನ್ನಿಟ್ಟುಕೊಂಡ ಅಂಗಡಿಗಳು ಕೆಲವೆಡೆ ಇನ್ನೂ ಉಳಿದಿವೆ. ಅವುಗಳಿಗೆ ಕೆಲಸ ಕೊಡುವುದು ನಮ್ಮ ಕೈಯಲ್ಲಿದೆ.

ನಮ್ಮ ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ತರಗತಿಯಲ್ಲಿ ತೂಕಡಿಸುವ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುವ ಮೊದಲು, ಅದು ರಾತ್ರಿ ಎಲ್ಲಿ, ಎಷ್ಟು ಹೊತ್ತು, ಯಾರ ಜೊತೆ ಮಲಗಿತ್ತೆಂಬುದನ್ನು ಕೇಳಿ ತಿಳಿಯಿರಿ. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ’ ಎಂಬ ಗಾದೆಯನ್ನು ನಾವೂ ಬಹಳ ಸಲ ಪಾಠದಲ್ಲಿ ಹೇಳಿದ್ದುಂಟು. ಆದರೆ ಮಗ್ಗದ ಸದ್ದಿನಲ್ಲಿ, ಪಾಳಿಯ ಲೆಕ್ಕದಲ್ಲಿ ನಿದ್ರೆಯನ್ನು ಹಂಚಿಕೊಳ್ಳುವ ಮನೆಗಳಿಗೆ ಆ ಗಾದೆಯನ್ನು ಹೇಳಲು ಈಗ ನಮ್ಮ ನಾಲಗೆ ಏಳುವುದಿಲ್ಲ. ಮೂರು ಸಾಲು ಬರೆದ ಆ ಬಾಲಕನಿಗೆ ನಾವು ಪೂರ್ಣ ಅಂಕಗಳನ್ನು ಕೊಟ್ಟೆವು. ಪ್ರಬಂಧ ಚಿಕ್ಕದಾಯಿತೆಂದು ಆತ ಅಂಜಿದ್ದ. ಪುಸ್ತಕಗಳಲ್ಲಿ ನಾವು ಹುಡುಕುತ್ತಿದ್ದ ಚರಿತ್ರೆಯನ್ನು ಆತ ತನ್ನ ಮನೆಯ ಚಾಪೆಯ ಮೇಲೆಯೇ ಕಂಡು ಬರೆದಿದ್ದನೆಂದು ನಾವು ತರಗತಿಗೆಲ್ಲ ಕೇಳುವಂತೆ ಹೇಳಿದೆವು.